‘ಇವನಿಗೆ ಲೆಕ್ಕ ಹತ್ತಲ್ಲ’ ಅನ್ನೋ ಮುಂಚೆ...

ವೀಕ್ಷಕರೇ, ಹುಣಸಮಾರನಹಳ್ಳಿ ಗೊತ್ತಲ್ಲ? ಯಲಹಂಕ ದಾಟಿ ಏರ್‌ಪೋರ್ಟ್ ಕಡೆ ಹೋಗುವಾಗ ಬಳ್ಳಾರಿ ರಸ್ತೆಯಲ್ಲೇ ಸಿಗುತ್ತೆ. ಆ ಭಾಗದಲ್ಲಿ ಅಪಾರ್ಟ್‌ಮೆಂಟ್‌ಗಳೂ ಇವೆ, ಕಟ್ಟಡ ಕೆಲಸಕ್ಕೆ ಬಂದವರ ತಗಡಿನ ಶೆಡ್‌ಗಳೂ ಇವೆ. ಎರಡೂ ಕಡೆಯ ಐದು ವರ್ಷದ ಮಕ್ಕಳನ್ನು ಕೂರಿಸಿ, ‘ಮೂರಕ್ಕೆ ಎರಡು ಸೇರಿಸಿದರೆ ಎಷ್ಟು?’ ಅಂತ ಕೇಳಿದಿರಿ ಅಂದುಕೊಳ್ಳಿ. ಅಪಾರ್ಟ್‌ಮೆಂಟ್ ಮಗು ಥಟ್ಟಂತ ಹೇಳಬಹುದು, ಶೆಡ್‌ನ ಮಗು ಸುಮ್ಮನೆ ನಿಲ್ಲಬಹುದು. ನಮ್ಮ ತೀರ್ಪು ಮಾತ್ರ ರೆಡಿ: ‘ಇವನಿಗೆ ಲೆಕ್ಕ ಹತ್ತಲ್ಲ.’

ನಿಜಕ್ಕೂ ಹಾಗೇನಾ? 1992ರಲ್ಲಿ ಅಮೆರಿಕದ ಸಂಶೋಧಕಿಯರಾದ ಜಾರ್ಡನ್, ಹಟನ್‌ಲಾಕರ್, ಲೆವೀನ್ ಇದನ್ನೇ ಪರೀಕ್ಷಿಸಿದರು. ಬಾಯಿಮಾತಲ್ಲಿ ಲೆಕ್ಕ ಕೇಳಿದಾಗ ಬಡ ಮಕ್ಕಳು ಹಿಂದೆ ಬಿದ್ದರು. ಆಮೇಲೆ ಮಾತು ಬಿಟ್ಟು ಬಿಲ್ಲೆ ಹಿಡಿದರು. ಬಿಲ್ಲೆಗಳನ್ನು ತೋರಿಸಿ ಮುಚ್ಚೋದು, ಮಗುವಿನ ಕಣ್ಣೆದುರೇ ಇನ್ನಷ್ಟು ಒಳಗೆ ಸೇರಿಸೋದು, ‘ಒಳಗಿರುವಷ್ಟೇ ನೀನೂ ಇಡು’ ಅನ್ನೋದು. ಈ ಪರೀಕ್ಷೆಯಲ್ಲಿ ಬಡವ, ಮಧ್ಯಮ ವರ್ಗ ಅನ್ನೋ ಅಂತರ ಕಾಣಲೇ ಇಲ್ಲ!

ಅಂದರೆ ಹೆಚ್ಚು, ಕಡಿಮೆ, ಕೂಡುವುದು, ಕಳೆಯುವುದು ಆ ಮಗುವಿಗೂ ಗೊತ್ತು. ಕಡಿಮೆ ಸಿಕ್ಕಿರೋದು ಸಂಖ್ಯೆಗಳ ಜೊತೆ ಮಾತಾಡೋ, ಆಡೋ ಅವಕಾಶ. ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಸುಸ್ತಾಗಿ ಬರುವ ಅಪ್ಪ-ಅಮ್ಮನಿಗೆ ಮೆಟ್ಟಿಲು ಎಣಿಸಿ ಆಡಿಸೋಕೆ ಪುರುಸೊತ್ತೆಲ್ಲಿ?

ಇದನ್ನು ಸರಿಮಾಡೋಕೆ ಕೋಟಿ ರೂಪಾಯಿ ಯೋಜನೆ ಬೇಕಿಲ್ಲ. ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಡ ಮಕ್ಕಳು 1ರಿಂದ 10ರವರೆಗೆ ಸಾಲಾಗಿ ಮನೆ ಬರೆದ ಆಟ ಆಡಿದರು. 15 ನಿಮಿಷದಂತೆ ನಾಲ್ಕು ಸಲ, ಒಟ್ಟು ಒಂದೇ ಗಂಟೆ! ಸಂಖ್ಯೆಗಳ ಅಂದಾಜಿನಲ್ಲಿ ಅವರು ಉಳ್ಳವರ ಮಕ್ಕಳ ಸಮಕ್ಕೆ ಬಂದರು. ಅಂಕಿಯಿಲ್ಲದ, ಬರೀ ಬಣ್ಣದ ಮನೆಗಳ ಆಟ ಆಡಿದವರಲ್ಲಿ ಈ ಲಾಭ ಕಾಣಲಿಲ್ಲ.

ಅಂಗನವಾಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹತ್ತು ಮನೆ ಬರೆಯಿರಿ. ದಾಳಕ್ಕೆ ಒಂದು ಬದಿ ಉಜ್ಜಿದ ಎರಡು ಹುಣಸೆಬೀಜ ಸಾಕು. ಒಂದು ಎಚ್ಚರಿಕೆ ಇರಲಿ. ಮೂರನೇ ಮನೆಯಲ್ಲಿರುವ ಮಗುವಿಗೆ ಎರಡು ಬಿದ್ದರೆ ‘ಒಂದು, ಎರಡು’ ಅನ್ನದೆ, ಮನೆಯ ಅಂಕಿಯನ್ನೇ ಓದುತ್ತಾ ‘ನಾಲ್ಕು, ಐದು’ ಅಂತ ನಡೆಸಬೇಕು. ಆಗಲೇ ಐದು ಅಂದರೆ ಎಷ್ಟು ದೂರ ಅನ್ನೋದು ಕೈಗೂ ಕಣ್ಣಿಗೂ ಹತ್ತೋದು.

ಆರು ವರ್ಷಕ್ಕೇ ‘ದಡ್ಡ’ ಅನ್ನಿಸಿಕೊಂಡ ಮಗು ಆಮೇಲೆ ಕೈ ಎತ್ತೋದನ್ನೇ ಬಿಡುತ್ತೆ. ಒಂದು ಗಂಟೆ ಆಟ ಆಡಿಸದೆ ಆ ಹಣೆಪಟ್ಟಿ ಹಚ್ಚೋ ಹಕ್ಕು ನಮಗೆ ಯಾರು ಕೊಟ್ಟರು?