ಹಾಯಿದೋಣಿಯಲ್ಲೊಂದು ಸುಖಾಸನ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ - ಈ ನಾಲ್ಕು ಊರುಗಳಿಗೂ ಹಾಯಿದೋಣಿಗೂ ಏನು ನಂಟು ಎಂದು ಯಾರಾದರೂ ನಕ್ಕರೆ ಅದು ಸಹಜವೇ. ನಂದಿಯ ಸುತ್ತಿನ ಬೆಟ್ಟಗಳಲ್ಲಿ ಪಿನಾಕಿನಿ, ಚಿತ್ರಾವತಿಗಳು ಹುಟ್ಟುತ್ತವೆ, ನಿಜ. ಆದರೆ ವರ್ಷದ ಬಹುಭಾಗ ಅಲ್ಲಿ ಕಾಣುವುದು ಮರಳೇ. ಆದರೂ ಚಿಕ್ಕಬಳ್ಳಾಪುರದಿಂದ ಸುಮಾರು 60 ಕಿಲೋಮೀಟರು ಬಂದರೆ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಹಾಯಿಗಳನ್ನು ನೋಡಬಹುದು. ‘ಮದ್ರಾಸ್ ಸ್ಯಾಪರ್ಸ್’ ಎಂದು ಹೆಸರಾದ ಸೈನ್ಯದ ಇಂಜಿನಿಯರ್ ದಳದವರು ಅಲ್ಲಿ ಹಾಯಿದೋಣಿಯ ವಿದ್ಯೆಯನ್ನು ಕಲಿಸುತ್ತಾರೆ.

ಈ ವಿದ್ಯೆಗೆ ತೊಡಗುವ ಮಕ್ಕಳು ಲೋಕದ ಅನೇಕ ಕಡೆ ಮೊದಲು ಏರುವುದು ‘ಆಪ್ಟಿಮಿಸ್ಟ್’ ಎಂಬ ಪುಟ್ಟ ದೋಣಿಯನ್ನು. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ ರೂಪಿಸಿದ ಇದರ ಉದ್ದ ಎಂಟು ಅಡಿಗೂ ಕಡಮೆ. ಇದರಲ್ಲಿ ಒರಗುವ ಆಸನವೆಂಬುದೇ ಇಲ್ಲ. ಮಗು ಅಂಚಿನ ಮೇಲೆ ಕುಳಿತು, ಪಾದಗಳನ್ನು ಪಟ್ಟಿಯೊಂದಕ್ಕೆ ಸಿಕ್ಕಿಸಿ, ಬೆನ್ನನ್ನು ಹೊರಕ್ಕೆ ಚಾಚಿ ದೋಣಿಯ ಸಮತೋಲ ಕಾಯಬೇಕು. ಒಂದು ಗಂಟೆಗೆ ಅದು ಆಟ. ಹತ್ತು ಗಂಟೆಯ ಪಯಣಕ್ಕೆ?

ಇಪ್ಪತ್ತು, ಇಪ್ಪತ್ತೈದು ಅಡಿಯ ದೋಣಿಗಳಲ್ಲಿ ಚುಕ್ಕಾಣಿ ಹಿಡಿದವರು ಕೂರಲು ಹಿಂಭಾಗದಲ್ಲಿ ತಗ್ಗಾದ ಸ್ಥಳವೊಂದಿರುತ್ತದೆ. ಅದೇ ಕಾಕ್‌ಪಿಟ್. ಆ ಪದದ ಮೂಲಾರ್ಥ ಕೋಳಿ ಅಂಕದ ಕಣ! ಹಳೆಯ ಯುದ್ಧನೌಕೆಗಳಲ್ಲಿ ಗಾಯಾಳುಗಳನ್ನು ಮಲಗಿಸುತ್ತಿದ್ದ ಇಕ್ಕಟ್ಟಿನ ಎಡೆಗೂ ಇದೇ ಹೆಸರಿತ್ತು. 1805ರಲ್ಲಿ ಟ್ರಫಾಲ್ಗರ್ ಕಾಳಗದಲ್ಲಿ ನೆಲ್ಸನ್ ಪ್ರಾಣ ಬಿಟ್ಟದ್ದು ಅಲ್ಲಿಯೇ. ವಿಮಾನಗಳಿಗೆ ಈ ಮಾತು ಹತ್ತಿದ್ದು ಬಹಳ ತಡವಾಗಿ. ಹೆಸರಿನ ಚರಿತ್ರೆಯಲ್ಲಂತೂ ಸುಖದ ಸುಳಿವಿಲ್ಲ.

ಆದರೆ ಇಲ್ಲಿ ಸುಖವೆಂಬುದು ಶೋಕಿಯಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರಿಗೆ ಬಿಸಿನೀರು, ಗೂಡು, ಎಳೆ ಎಲ್ಲವೂ ಕೈಯಳತೆಯಲ್ಲೇ ಇರಬೇಕಲ್ಲವೆ? ಚುಕ್ಕಾಣಿಗಾರನಿಗೂ ಅಷ್ಟೇ. ಒಂದು ಕೈಯಲ್ಲಿ ಚುಕ್ಕಾಣಿಯ ಹಿಡಿಯಿರುವಾಗ ಇನ್ನೊಂದು ಕೈಗೆ ಹಾಯಿಯ ಹಗ್ಗ ಎಟುಕಬೇಕು. ಬೆನ್ನು ನೊಂದು, ಮೈ ತೊಯ್ದು, ಕಾಲು ಜೋಮು ಹಿಡಿದವನು ಹಠಾತ್ತನೆ ಬಂದ ಬಿರುಗಾಳಿಯನ್ನು ಕ್ಷಣ ತಡವಾಗಿ ಕಾಣುತ್ತಾನೆ. ಆ ಕ್ಷಣವೇ ಅಪಾಯ. 2024ರ ಅಕ್ಟೋಬರ್ 2ರಂದು ಗೋವೆಯಿಂದ ಹೊರಟು ‘ತಾರಿಣಿ’ಯಲ್ಲಿ ಭೂಮಂಡಲವನ್ನು ಸುತ್ತಿ 2025ರ ಮೇ 29ರಂದು ಮರಳಿದ ನೌಕಾಪಡೆಯ ದಿಲ್ನಾ ಮತ್ತು ರೂಪಾ ಇಬ್ಬರೇ ಇದ್ದರು. ಒಬ್ಬರು ಮಲಗಿದರೆ ದೋಣಿಯ ಭಾರವೆಲ್ಲ ಎಚ್ಚರವಿದ್ದ ಇನ್ನೊಬ್ಬರದೇ.

ಹಾಗಾದರೆ ಅಳತೆಗಳೇನು? ಕಡಲಿಲ್ಲದ ಊರಿನಲ್ಲೂ ಇದನ್ನು ಮನೆಯ ಅಂಗಳದಲ್ಲೇ ಪರೀಕ್ಷಿಸಬಹುದು. ಅನುಭವಿ ದೋಣಿಗಾರರೂ ಮರ ಕೊಯ್ಯುವ ಮೊದಲು ಹಲಗೆ, ರಟ್ಟುಗಳಿಂದ ಇಂಥದೇ ಮಾದರಿ ಕಟ್ಟಿ ನೋಡುತ್ತಾರೆ. ಸುಮಾರು 16 ಅಂಗುಲ ಎತ್ತರದ, ಅಷ್ಟೇ ಅಗಲದ ಎರಡು ಬೆಂಚುಗಳನ್ನು ಎರಡಡಿ ಅಂತರದಲ್ಲಿ ಎದುರುಬದುರಾಗಿಡಿ. ಒರಗುಹಲಗೆ ಒಂದಡಿಗಿಂತ ತಗ್ಗಾದರೆ ಸೊಂಟಕ್ಕೆ ಆಸರೆಯಿಲ್ಲ. ಅದು ತುಸು ಹಿಂದಕ್ಕೆ ವಾಲಿರಬೇಕು. ಗಾಳಿಗೆ ದೋಣಿ ಒಂದು ಬದಿಗೆ ಬಾಗುತ್ತದಾದ್ದರಿಂದ ಒಂದು ಬೆಂಚಿನ ಕೆಳಗೆ ಇಟ್ಟಿಗೆಗಳನ್ನಿಟ್ಟು ಎತ್ತರಿಸಿ. ಮೇಲಾದ ಬೆಂಚಿನಲ್ಲಿ ಕುಳಿತವರ ಪಾದಗಳು ಎದುರಿನ ಬೆಂಚಿನ ಅಂಚಿಗೆ ಒತ್ತಿ ನಿಲ್ಲಬೇಕು. ಯಜಮಾನರ ಕಾಲು ಎಟುಕಿತೆಂದು ತೃಪ್ತರಾಗುವುದು ಸಲ್ಲದು. ಮನೆಯಲ್ಲಿ ಎಲ್ಲರಿಗಿಂತ ಗಿಡ್ಡನೆಯವರನ್ನು ಕೂರಿಸಿ ನೋಡಬೇಕು. ಅವರಿಗೆ ಎಟುಕದಿದ್ದರೆ ನೆಲಕ್ಕೊಂದು ಮರದ ಪಟ್ಟಿ ಹೊಡೆದರಾಯಿತು. ಪೊರಕೆಯ ಕೋಲನ್ನು ಚುಕ್ಕಾಣಿಯ ಹಿಡಿಯೆಂದು ಅತ್ತಿತ್ತ ಆಡಿಸಿದರೆ ಅದು ಯಾರ ಮಂಡಿಗೆ ತಗಲುತ್ತದೆಂಬುದೂ ತಿಳಿಯುತ್ತದೆ. ಬೆಂಚಿನ ಉದ್ದ ಆರೂವರೆ ಅಡಿಯಿದ್ದರೆ ರಾತ್ರಿ ಒಬ್ಬರು ಮೈ ಚಾಚಬಹುದು.

ವಿಶಾಲವಾದಷ್ಟೂ ಒಳ್ಳೆಯದೆಂಬ ಆಸೆಯೊಂದು ಉಂಟಷ್ಟೆ. ಅದಕ್ಕೆ ತಡೆ ಹಾಕುವುದು ನೀರು. ಬೆಂಚುಗಳ ನಡುವಣ ಗುಳಿ ಆರಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಆಳವೆಂದುಕೊಂಡರೂ ಒಂದು ದೊಡ್ಡ ಅಲೆ ಅದನ್ನು ತುಂಬಿದರೆ ಆ ನೀರಿನ ತೂಕ 500 ಕಿಲೋಗ್ರಾಂ ಮೀರುತ್ತದೆ. ಏಳೆಂಟು ಜನ ಒಮ್ಮೆಗೇ ಹಿಂಭಾಗಕ್ಕೆ ಹಾರಿಬಿದ್ದಂತೆ! ಆದುದರಿಂದ ಗುಳಿಯ ನೆಲ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿದ್ದು, ಒಳನುಗ್ಗಿದ ನೀರು ತಾನಾಗಿ ಹೊರಹರಿಯಬೇಕು. ಕೋಣೆಯ ಬಾಗಿಲಿಗೆ ಎತ್ತರದ ಹೊಸ್ತಿಲು ಬೇಕು. ಓಡಾಡಲು ಅಡ್ಡಿಯೆಂದು ಅದನ್ನು ತಗ್ಗಿಸುವವರುಂಟು. ಅಲೆಗೂ ಅದರಿಂದ ಅಷ್ಟೇ ಅನುಕೂಲ.

ನೀರು ಹೋಗುವ ತೂತುಗಳು ಎರಡಿರಬೇಕು, ಒಂದೊಂದೂ ಒಂದೂವರೆ ಅಂಗುಲಕ್ಕೆ ಕಡಮೆಯಿಲ್ಲದಂತೆ. ಪಯಣದಲ್ಲಿ ಕಡಲೆಕಾಯಿ ಬಿಡಿಸಿ ತಿನ್ನುವ ಮಕ್ಕಳಿದ್ದರೆ, ಸಿಪ್ಪೆಗೆ ಬೇರೊಂದು ಚೀಲ ಕೊಟ್ಟಿರುವುದು ಲೇಸು.