ತಪ್ಪಿಗೆ ಬೆಲೆ ತೆತ್ತಾಗ ಬರುವ ಭಾಷೆ

ಪಾವಗಡ ತುಮಕೂರು ಜಿಲ್ಲೆಗೆ ಸೇರಿದ್ದರೂ ಅದರ ಸುತ್ತಲೂ ಬಹುಪಾಲು ಆಂಧ್ರವೇ. ಆ ತಾಲ್ಲೂಕಿನ ಎಷ್ಟೋ ಮನೆಗಳ ಮಾತು ತೆಲುಗು, ಗಡಿಯಾಚೆ ಮಡಕಶಿರಾದ ಎಷ್ಟೋ ಮನೆಗಳ ಮಾತು ಕನ್ನಡ. ಶಿರಾ ಪೇಟೆಗೆ ಬಂದರೆ ಉರ್ದುವೂ ಸೇರಿಕೊಳ್ಳುತ್ತದೆ. ಶಾಲೆಯ ಮೆಟ್ಟಿಲು ಹತ್ತದವರೂ ಇಲ್ಲಿ ಎರಡು ಭಾಷೆಗಳಲ್ಲಿ ಕಡಲೆಕಾಯಿ ವ್ಯಾಪಾರ ಕುದುರಿಸುತ್ತಾರೆ. ಇದೇ ಸೀಮೆಯಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಓದಿ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಲು ತಡವರಿಸುತ್ತಾನೆ. ಬುದ್ಧಿಯಲ್ಲಿ ಅವನೇನೂ ಕಡಿಮೆಯಲ್ಲ. ಅವನ ಇಂಗ್ಲಿಷ್ ತಪ್ಪಿದರೆ ಒಂದೆರಡು ಅಂಕ ಹೋಗುತ್ತದೆ, ಸಂತೆಯಲ್ಲಿ ಮಾತು ತಪ್ಪಿದರೆ ದುಡ್ಡೇ ಹೋಗುತ್ತದೆ.

ಕನ್ನಡ, ತೆಲುಗು ಅಕ್ಕತಂಗಿಯರು, ಕಲಿಯುವುದು ಸುಲಭ ಎಂದು ಯಾರಾದರೂ ಹೇಳಬಹುದು. ನಿಜ, ಲಿಪಿಯೂ ವಾಕ್ಯದ ಜೋಡಣೆಯೂ ಹತ್ತಿರವೇ. ಆದರೆ ಎಡವುವುದೂ ಈ ಹತ್ತಿರದಲ್ಲೇ. ಕನ್ನಡದ 'ನಾವು' ತೆಲುಗಿನಲ್ಲಿ ಎರಡಾಗುತ್ತದೆ: ಕೇಳುವವನನ್ನೂ ಸೇರಿಸಿದರೆ 'ಮನಂ', ಅವನನ್ನು ಬಿಟ್ಟರೆ 'ಮೇಮು'. ಕೊರಟಗೆರೆಯಿಂದ ಪಾವಗಡಕ್ಕೆ ವರ್ಗವಾಗಿ ಬಂದ ನೌಕರರೊಬ್ಬರು ಹೋಟೆಲಿನಲ್ಲಿ 'ನಾವು ಕೊಡ್ತೀವಿ' ಅನ್ನಲು 'ಮನಂ ಇಸ್ತಾಂ' ಅಂದರೆ ಎದುರಿನವನೂ ಜೇಬಿಗೆ ಕೈ ಹಾಕಬೇಕಾಗುತ್ತದೆ. ಅಂಥ ತಪ್ಪು ಹೆಚ್ಚು ದಿನ ಉಳಿಯುವುದಿಲ್ಲ. ತೆಲುಗಿನವರ ತೊಡಕು ಬೇರೆ. ಅವರಲ್ಲಿ ಏಕವಚನದ ಹೆಂಗಸಿಗೂ ವಸ್ತುವಿಗೂ ಕ್ರಿಯಾಪದ ಒಂದೇ, ಹಾಗಾಗಿ ಕನ್ನಡದಲ್ಲೂ 'ಅವಳು ಬಂತು' ಎಂದು ಬಾಯಿಗೆ ಬರಬಹುದು. ಕೇಳಿದವರಿಗೆ ಅರ್ಥವಾಗುತ್ತದೆ, ಯಾರೂ ತಿದ್ದುವುದಿಲ್ಲ, ಅದು ಹಾಗೇ ಉಳಿದುಬಿಡುತ್ತದೆ. ಹೀಗೆ ತಪ್ಪುಗಳು ಗಟ್ಟಿಯಾಗಿ ಕೂರುವುದನ್ನು ಭಾಷಾವಿಜ್ಞಾನಿ ಲ್ಯಾರಿ ಸೆಲಿಂಕರ್ 1972ರಲ್ಲೇ ಚರ್ಚಿಸಿದ್ದರು.

ವಯಸ್ಸಾದ ಮೇಲೆ ಭಾಷೆ ಹತ್ತುವುದಿಲ್ಲ ಎಂಬ ಮಾತೂ ಪೂರ್ತಿ ಸರಿಯಲ್ಲ. ನೆದರ್‌ಲೆಂಡ್ಸಿಗೆ ಹೋಗಿ ನೆಲೆಸಿದ ಇಂಗ್ಲಿಷ್ ಕುಟುಂಬಗಳ ಕುರಿತು 1978ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ತಿಂಗಳುಗಳಲ್ಲಿ ಪುಟ್ಟ ಮಕ್ಕಳಿಗಿಂತ ಹದಿಹರೆಯದವರೂ ದೊಡ್ಡವರೂ ಬೇಗ ಡಚ್ ಕಲಿತಿದ್ದರು. ಉಚ್ಚಾರಣೆಯಲ್ಲಿ ಕೊನೆಗೆ ಮಕ್ಕಳದೇ ಮೇಲುಗೈಯಾಗಬಹುದು, ಅದು ಬೇರೆ ಮಾತು.

ಸಂತೆಯೇ ಇಷ್ಟು ಕಲಿಸುವುದಾದರೆ ಶಾಲೆ ಬೇಡವೇ? ಬೇಕು, ಸಂತೆ ತಿದ್ದದೆ ಬಿಟ್ಟದ್ದನ್ನು ತಿದ್ದುವುದಕ್ಕೇ ಬೇಕು. ಆದರೆ ಕೇಳಿಸಿಕೊಳ್ಳುವುದಷ್ಟೇ ಸಾಲದು. ಕೆನಡಾದಲ್ಲಿ ವರ್ಷಗಟ್ಟಲೆ ಫ್ರೆಂಚಿನಲ್ಲೇ ಪಾಠ ಕೇಳಿದ ಇಂಗ್ಲಿಷ್ ಮನೆಮಾತಿನ ಮಕ್ಕಳು ಅರ್ಥಮಾಡಿಕೊಳ್ಳುವುದರಲ್ಲಿ ಗಟ್ಟಿಗರಾದರೂ ಮಾತಿನಲ್ಲಿ, ಬರವಣಿಗೆಯಲ್ಲಿ ಹಿಂದುಳಿದದ್ದನ್ನು ಭಾಷಾತಜ್ಞೆ ಮೆರಿಲ್ ಸ್ವೇನ್ 1985ರಲ್ಲಿ ಎತ್ತಿ ತೋರಿಸಿದರು. ಪ್ರಯಾಸಪಟ್ಟು ತಾವೇ ವಾಕ್ಯ ಕಟ್ಟುವ ಸಂದರ್ಭ ಅವರಿಗೆ ಸಾಕಷ್ಟು ಸಿಕ್ಕಿರಲಿಲ್ಲ. ನಮ್ಮ ಇಂಗ್ಲಿಷ್ ತರಗತಿಗಳಲ್ಲಂತೂ ನೋಟ್ಸ್ ಬರೆದುಕೊಳ್ಳುವುದೇ ಕಲಿಕೆ ಎನಿಸಿಬಿಟ್ಟಿದೆ. ಅದರ ಬದಲು ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯನ್ನು ಒಂದು ಮಗು ಇಂಗ್ಲಿಷಿನಲ್ಲಿ ಹೇಳಲಿ, ಇನ್ನೊಂದು ಅದನ್ನು ಕೇಳಿಯೇ ನಕ್ಷೆ ಬರೆಯಲಿ. ನಕ್ಷೆ ದಾರಿ ತಪ್ಪಿತೆಂದರೆ ವಾಕ್ಯ ಎಲ್ಲಿ ತಪ್ಪಿತು ಎಂದು ಇಬ್ಬರೂ ಹುಡುಕುತ್ತಾರೆ. ವ್ಯಾಕರಣ ಹೇಳಿಕೊಡಲು ಮೇಷ್ಟ್ರಿಗೆ ಅದೇ ಸರಿಯಾದ ಹೊತ್ತು.