ಎಂಜಿನ್‌ನ ಉಸಿರಾಟದ ಕವಾಟ: ಮನೆಯಲ್ಲೇ ಪರೀಕ್ಷಿಸಿ ಬದಲಾಯಿಸುವ ಕ್ರಮ

ಈಚಿನ ವರ್ಷಗಳಲ್ಲಿ ಸಂಡೂರು ತಾಲ್ಲೂಕಿನ ದರೋಜಿ ಹಾಗೂ ಸುತ್ತಲಿನ ಕಂಪ್ಲಿ, ಹೊಸಪೇಟೆ ಕಡೆಯ ಹಳ್ಳಿಗಳಲ್ಲಿ ಟ್ರ್ಯಾಕ್ಟರಿನ ಜೊತೆಗೆ ಕಾರು, ವ್ಯಾನುಗಳೂ ರೈತರ ಮನೆ ಸೇರಿವೆ. ಬೀಜ, ಗೊಬ್ಬರ, ಔಷಧಿ ತರುವುದಕ್ಕೂ ತರಕಾರಿಯನ್ನು ಪೇಟೆಗೆ ಮುಟ್ಟಿಸುವುದಕ್ಕೂ ಇವು ಒದಗುತ್ತವೆ. ಇವುಗಳಲ್ಲಿ ಹಲವು, ಬೇರೆಯವರು ಬಳಸಿ ಮಾರಿದ ಹಳೆಯ ಪೆಟ್ರೋಲ್ ಗಾಡಿಗಳು. ಇಂಥ ಗಾಡಿಯ ಎಂಜಿನ್‌ನಿಂದ ಎಣ್ಣೆ ಸೋರತೊಡಗಿದರೆ, ಹೊಗೆ ಕಂಡರೆ, “ಎಂಜಿನ್ ಸವೆದಿದೆ, ಬಿಚ್ಚಬೇಕು” ಎಂಬ ಮಾತು ಬೇಗ ಬರುತ್ತದೆ. ಬಿಚ್ಚಿದರೆ ಬಿತ್ತನೆಗೆಂದು ಕೂಡಿಟ್ಟ ಹಣವೆಲ್ಲ ಅದಕ್ಕೇ ಹೋದೀತು. ಆದರೆ ಇದೇ ಲಕ್ಷಣಗಳು ಹೆಬ್ಬೆರಳಿನಷ್ಟು ಚಿಕ್ಕದಾದ ಒಂದು ಕವಾಟ ಸಿಕ್ಕಿಕೊಂಡರೂ ಕಾಣಿಸುತ್ತವೆ. ಆದುದರಿಂದ ಎಂಜಿನ್ ಬಿಚ್ಚಿಸುವ ಮೊದಲು ಈ ಕವಾಟವನ್ನು ಪರೀಕ್ಷಿಸುವುದು ಜಾಣತನ. ಇದನ್ನು ಪಿ.ಸಿ.ವಿ. ಕವಾಟ ಎಂದು ಕರೆಯುತ್ತಾರೆ. ಬಿಡಿಭಾಗದ ಅಂಗಡಿಯಲ್ಲಿಯೂ ಇದೇ ಹೆಸರಿನಿಂದ ಕೇಳಬೇಕು.

ಕವಾಟದ ಕೆಲಸ

ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಹುಟ್ಟುವ ಅನಿಲದ ಬಹುಭಾಗ ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಆದರೆ ಸ್ವಲ್ಪ ಭಾಗ ಪಿಸ್ಟನ್ ಉಂಗುರಗಳ ಸಂದಿನಿಂದ ಕೆಳಗಿಳಿದು, ಎಣ್ಣೆ ಇರುವ ಕ್ರ್ಯಾಂಕ್ ಪೆಟ್ಟಿಗೆಯನ್ನು ಸೇರುತ್ತದೆ. ಹೊಸ ಎಂಜಿನ್‌ನಲ್ಲಿಯೂ ಇದು ತಪ್ಪಿದ್ದಲ್ಲ. ಈ ಅನಿಲದಲ್ಲಿ ಉರಿಯದ ಪೆಟ್ರೋಲ್, ಆಮ್ಲದ ಅಂಶ ಮತ್ತು ನೀರಿನ ಆವಿ ಇರುತ್ತವೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರಾಗುವಷ್ಟು ಆವಿ ಉಂಟಾಗುತ್ತದೆ. ಅದರ ಅಲ್ಪಾಂಶ ಕ್ರ್ಯಾಂಕ್ ಪೆಟ್ಟಿಗೆಯಲ್ಲಿ ಉಳಿದರೂ ಎಣ್ಣೆ ಕೆಡುತ್ತದೆ.

ಮೊದಲು ಈ ಅನಿಲವನ್ನು ಒಂದು ನಳಿಕೆಯ ಮೂಲಕ ನೇರವಾಗಿ ರಸ್ತೆಗೆ ಬಿಡುತ್ತಿದ್ದರು. ಅದರಿಂದ ಗಾಳಿ ಕೆಡುತ್ತದೆಂದು ತಿಳಿದ ಮೇಲೆ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಕಾರುಗಳಿಂದ ಈ ಕವಾಟದ ಬಳಕೆ ಆರಂಭವಾಯಿತು. ಇದರ ಮೂಲಕ ಅನಿಲವನ್ನು ಮತ್ತೆ ಎಂಜಿನ್‌ಗೇ ಎಳೆದು ಉರಿಸಲಾಗುತ್ತದೆ. ಅದರ ಜಾಗಕ್ಕೆ ಏರ್ ಫಿಲ್ಟರಿನಲ್ಲಿ ಸೋಸಿದ ಶುದ್ಧ ಗಾಳಿ ಇನ್ನೊಂದು ನಳಿಕೆಯಿಂದ ಒಳಬರುತ್ತದೆ.

ಕವಾಟದೊಳಗೆ ಒಂದು ಚಿಕ್ಕ ಬೆಣೆ ಮತ್ತು ಒಂದು ಸ್ಪ್ರಿಂಗ್ ಇರುತ್ತವೆ. ಎಂಜಿನ್ ನಿಂತಲ್ಲೇ ನಿಧಾನವಾಗಿ ಓಡುವಾಗ ಮ್ಯಾನಿಫೋಲ್ಡಿನ ಎಳೆತ ಬಲವಾಗಿರುವುದರಿಂದ ಬೆಣೆ ಎಳೆಯಲ್ಪಟ್ಟು ದಾರಿ ಕಿರಿದಾಗುತ್ತದೆ. ಗಾಡಿ ಓಡುವಾಗ ಎಳೆತ ತಗ್ಗಿ ದಾರಿ ಅಗಲವಾಗುತ್ತದೆ. ಎಂಜಿನ್ ನಿಂತಾಗ ಸ್ಪ್ರಿಂಗ್ ದಾರಿಯನ್ನು ಮುಚ್ಚುತ್ತದೆ.

ಸಿಕ್ಕಿಕೊಳ್ಳಲು ಕಾರಣ

ಊರಿನಿಂದ ಹೊಲಕ್ಕೆ, ಹೊಲದಿಂದ ಅಂಗಡಿಗೆ ಹೀಗೆ ಸಣ್ಣ ಸಣ್ಣ ಓಡಾಟವೇ ಹೆಚ್ಚಾದರೆ ಎಣ್ಣೆ ಪೂರ್ತಿ ಕಾಯುವುದಿಲ್ಲ. ಮಳೆಗಾಲದಲ್ಲಿಯೂ ಚಳಿಗಾಲದ ಬೆಳಗಿನಲ್ಲಿಯೂ ನೀರಿನ ಆವಿ ಹೊರಹೋಗದೆ ಎಣ್ಣೆಯೊಡನೆ ಬೆರೆತು ಜಿಗುಟಾದ ಗಸಿಯಾಗುತ್ತದೆ. ಗಸಿ ಕವಾಟದಲ್ಲಿ ಕೂತು ಬೆಣೆಯನ್ನು ಹಿಡಿದಿಡುತ್ತದೆ. ಎಣ್ಣೆಯನ್ನು ಸಕಾಲಕ್ಕೆ ಬದಲಾಯಿಸದಿದ್ದರೆ ಇದು ಇನ್ನೂ ಬೇಗ ಆಗುತ್ತದೆ.

ಸಂಡೂರು ಸೀಮೆಯಲ್ಲಿ ಧೂಳಿನ ಕಾಟವೂ ಸೇರುತ್ತದೆ. ಅದಿರು ಲಾರಿಗಳು ಓಡಾಡುವ ದಾರಿಯ ಕೆಂಧೂಳು ಗಟ್ಟಿಯಾದ, ಉಜ್ಜುವ ಗುಣದ ಧೂಳು. ಶುದ್ಧ ಗಾಳಿಯ ನಳಿಕೆ ಬಿರಿದಿದ್ದರೆ ಅಥವಾ ಕಳಚಿದ್ದರೆ ಈ ಧೂಳು ಸೋಸದೆಯೇ ಎಣ್ಣೆಗೆ ಸೇರಿ ಬೇರಿಂಗ್, ಉಂಗುರಗಳನ್ನು ಸವೆಸುತ್ತದೆ.

ಲಕ್ಷಣಗಳು

ಕವಾಟ ಮುಚ್ಚಿಕೊಂಡೇ ಸಿಕ್ಕಿದ್ದರೆ ಕ್ರ್ಯಾಂಕ್ ಪೆಟ್ಟಿಗೆಯಲ್ಲಿ ಒತ್ತಡ ಏರುತ್ತದೆ. ಎಣ್ಣೆ ಸೀಲು, ಗ್ಯಾಸ್ಕೆಟ್‌ಗಳ ಬಳಿ ಎಣ್ಣೆ ಜಿನುಗುತ್ತದೆ. ಎಣ್ಣೆ ಅಳೆಯುವ ಕಡ್ಡಿ ತಾನಾಗಿ ಮೇಲೇಳುವುದುಂಟು. ಏರ್ ಫಿಲ್ಟರಿನ ಡಬ್ಬಿಯಲ್ಲಿ ಎಣ್ಣೆ ಕಾಣುತ್ತದೆ. ಇಂಥಲ್ಲಿ ಹೊಸ ಸೀಲು ಹಾಕಿದರೂ ಕೆಲವೇ ದಿನಗಳಲ್ಲಿ ಮತ್ತೆ ಸೋರುತ್ತದೆ. ಒತ್ತಡದ ಕಾರಣ ಹಾಗೆಯೇ ಉಳಿದಿರುತ್ತದೆ.

ತೆರೆದುಕೊಂಡೇ ಸಿಕ್ಕಿದ್ದರೆ ಬೇಡದ ಗಾಳಿ ಮ್ಯಾನಿಫೋಲ್ಡ್ ಸೇರುತ್ತದೆ. ಎಂಜಿನ್ ನಿಂತಲ್ಲಿ ನಡುಗುತ್ತದೆ, ಕೆಲವೊಮ್ಮೆ ಆರಿಹೋಗುತ್ತದೆ. ಎಣ್ಣೆಯೂ ಎಳೆಯಲ್ಪಟ್ಟು ಉರಿಯುವುದರಿಂದ ನೀಲಿ ಹೊಗೆ ಬರಬಹುದು.

ಎಣ್ಣೆ ತುಂಬುವ ಮುಚ್ಚಳದ ಒಳಗೆ ಕೆನೆಯಂಥ ಬಿಳಿಯ ಪದಾರ್ಥ ಕಂಡರೆ ಅದು ತೇವದ ಗುರುತು. ಆದರೆ ಕಡ್ಡಿಯ ಮೇಲಿನ ಎಣ್ಣೆಯೂ ಬೆಳ್ಳಗಾಗಿದ್ದು, ರೇಡಿಯೇಟರಿನ ನೀರು ಪದೇ ಪದೇ ಕಡಿಮೆಯಾಗುತ್ತಿದ್ದರೆ ಅದು ಹೆಡ್ ಗ್ಯಾಸ್ಕೆಟ್ ದೋಷವಿರಬಹುದು. ಆಗ ಗಾಡಿಯನ್ನು ಓಡಿಸದೆ ಮೆಕ್ಯಾನಿಕರಿಗೆ ತೋರಿಸತಕ್ಕದ್ದು.

ಪರೀಕ್ಷಿಸುವ ಕ್ರಮ

ಕವಾಟವು ಸಾಮಾನ್ಯವಾಗಿ ಎಂಜಿನ್ ತಲೆಯ ಮೇಲಿನ ಮುಚ್ಚಳದಲ್ಲಿ ರಬ್ಬರ್ ಬಳೆಯೊಳಗೆ ಕೂತಿರುತ್ತದೆ. ಅಲ್ಲಿಂದ ರಬ್ಬರ್ ನಳಿಕೆಯೊಂದು ಮ್ಯಾನಿಫೋಲ್ಡಿಗೆ ಹೋಗುತ್ತದೆ. ಕೆಲವು ಗಾಡಿಗಳಲ್ಲಿ ಕವಾಟ ಮ್ಯಾನಿಫೋಲ್ಡಿನ ಕಡೆಯೇ ಇರುತ್ತದೆ, ಕೆಲವದರಲ್ಲಿ ಮರೆಯಿಂದ ಬಿಗಿದಿರುತ್ತದೆ. ಹೊಸ ಮಾದರಿಯ ಕೆಲವು ಕಾರುಗಳಲ್ಲಿ ಅದು ಮುಚ್ಚಳದೊಳಗೇ ಸೇರಿಕೊಂಡಿರುವುದರಿಂದ ಮನೆಯಲ್ಲಿ ತೆಗೆಯಲಾಗದು. ಗಾಡಿಯ ಕೈಪಿಡಿಯನ್ನು ನೋಡಿ ಜಾಗವನ್ನು ಖಚಿತಪಡಿಸಿಕೊಳ್ಳಬೇಕು.

ಪರೀಕ್ಷೆಗೆ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಿದರೆ ವಿಷಾನಿಲ ತುಂಬಿ ಪ್ರಾಣಕ್ಕೆ ಅಪಾಯ. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆದಿರಬೇಕು. ಹೆಗಲ ಮೇಲಿನ ವಲ್ಲಿ, ಸಡಿಲವಾದ ಪಂಚೆಯ ಅಂಚು ಫ್ಯಾನ್ ಬೆಲ್ಟಿಗೆ ಸಿಗದಂತೆ ಎಚ್ಚರ ವಹಿಸಬೇಕು.

ಎಂಜಿನ್ ನಿಧಾನವಾಗಿ ಓಡುತ್ತಿರುವಾಗ, ನಳಿಕೆಯನ್ನು ಬಿಡಿಸದೆ ಕವಾಟವನ್ನು ಮಾತ್ರ ಮುಚ್ಚಳದಿಂದ ಮೇಲಕ್ಕೆ ಎಳೆಯಬೇಕು. ಅದರ ಬಾಯಿಗೆ ಬೆರಳಿಟ್ಟಾಗ ಎಳೆತ ತಿಳಿಯಬೇಕು. ಎಳೆತ ಇಲ್ಲದಿದ್ದರೆ ಕವಾಟವಾಗಲಿ ನಳಿಕೆಯಾಗಲಿ ಕಟ್ಟಿದೆ ಎಂದರ್ಥ. ಅನಂತರ ಎಂಜಿನ್ ನಿಲ್ಲಿಸಿ, ಕವಾಟವನ್ನು ಬಿಡಿಸಿ ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಬೆಣೆ ಟಕ್ ಟಕ್ ಎನ್ನಬೇಕು. ಸದ್ದಿಲ್ಲದಿದ್ದರೆ ಅದು ಸಿಕ್ಕಿಕೊಂಡಿದೆ. ಆದರೆ ಸದ್ದು ಬಂದ ಮಾತ್ರಕ್ಕೆ ಸ್ಪ್ರಿಂಗ್ ಸರಿಯಿದೆ ಎಂದು ಹೇಳಲಾಗದು.

ಬದಲಾಯಿಸುವ ಕ್ರಮ

1. ಎಂಜಿನ್ ಪೂರ್ತಿ ತಣಿಯುವವರೆಗೆ ಕಾಯಬೇಕು. ಕವಾಟದ ಸುತ್ತಲಿನ ಧೂಳನ್ನು ಬಟ್ಟೆಯಿಂದ ಒರೆಸಬೇಕು. ಇಲ್ಲವಾದರೆ ತೆಗೆಯುವಾಗ ಧೂಳು ಎಂಜಿನ್ ಒಳಗೆ ಬೀಳುತ್ತದೆ.

2. ಕ್ಲಿಪ್ಪನ್ನು ಇಕ್ಕಳದಿಂದ ಹಿಂದಕ್ಕೆ ಸರಿಸಿ, ನಳಿಕೆಯನ್ನು ಮೆಲ್ಲಗೆ ತಿರುಚುತ್ತ ಬಿಡಿಸಬೇಕು. ಹಳೆಯ ರಬ್ಬರನ್ನು ಜಗ್ಗಿದರೆ ಹರಿಯುತ್ತದೆ.

3. ಕವಾಟ ಯಾವ ದಿಕ್ಕಿಗಿದೆ ಎಂದು ಗುರುತಿಟ್ಟುಕೊಂಡು ಹೊರತೆಗೆಯಬೇಕು. ತೆರೆದ ಬಾಯನ್ನು ಚೊಕ್ಕ ಬಟ್ಟೆಯಿಂದ ಮುಚ್ಚಿಡಬೇಕು.

4. ನಳಿಕೆಯೊಳಗೆ ಗಸಿ ಇದ್ದರೆ ತೆಗೆದು ಒಣಗಿಸಬೇಕು. ನಳಿಕೆ ಮೆತ್ತಗಾಗಿದ್ದರೆ ಅಥವಾ ಬಿರಿದಿದ್ದರೆ ಎಣ್ಣೆ ತಡೆಯುವ ಜಾತಿಯ ಹೊಸ ನಳಿಕೆಯನ್ನೇ ಹಾಕಬೇಕು. ನೀರಿನ ಪೈಪಿನ ತುಂಡು ಇದಕ್ಕೆ ಆಗಿಬರುವುದಿಲ್ಲ.

5. ರಬ್ಬರ್ ಬಳೆ ಗಟ್ಟಿಯಾಗಿದ್ದರೆ ಅದನ್ನೂ ಬದಲಾಯಿಸಬೇಕು. ಅದರ ಚೂರು ಒಳಗೆ ಬೀಳದಂತೆ ನೋಡಿಕೊಳ್ಳಬೇಕು.

6. ಅದೇ ಮಾದರಿಯ ಎಂಜಿನ್‌ಗೆ ಹೇಳಿದ ಕವಾಟವನ್ನೇ ಕೊಳ್ಳಬೇಕು. ಹೊರನೋಟಕ್ಕೆ ಒಂದೇ ಬಗೆಯಾಗಿದ್ದರೂ ಸ್ಪ್ರಿಂಗಿನ ಬಲ ಬೇರೆ ಇರುತ್ತದೆ. ಹಳೆಯ ದಿಕ್ಕಿಗೇ ಕೂರಿಸಿ, ನಳಿಕೆ ಸೇರಿಸಿ, ಕ್ಲಿಪ್ ಹಾಕಬೇಕು. ಮರೆಯ ಕವಾಟವನ್ನು ಅತಿಯಾಗಿ ಬಿಗಿಯಬಾರದು.

7. ಹಳೆಯ ಬಟ್ಟೆಯನ್ನು ತೆಗೆದದ್ದನ್ನು ಖಚಿತಪಡಿಸಿಕೊಂಡು ಎಂಜಿನ್ ಓಡಿಸಿ, ನಡುಕ ನಿಂತಿದೆಯೇ, ಗಾಳಿ ಸೋರುವ ಸಿಳ್ಳೆ ಕೇಳುತ್ತದೆಯೇ ಎಂದು ನೋಡಬೇಕು.

ತೊಳೆದರೆ ಹಳೆಯ ಕವಾಟ ಕೆಲವು ದಿನ ನಡೆಯಬಹುದು. ಸೋತ ಸ್ಪ್ರಿಂಗ್ ಮಾತ್ರ ತೊಳೆದರೆ ಸರಿಯಾಗದು. ಎಣ್ಣೆಯಲ್ಲಿ ಗಸಿ ಕಂಡಿದ್ದರೆ ಎಣ್ಣೆಯನ್ನೂ ಫಿಲ್ಟರನ್ನೂ ಬದಲಾಯಿಸಬೇಕು. ತೆಗೆದ ಎಣ್ಣೆಯನ್ನು ಕಾಲುವೆಗಾಗಲಿ ಹೊಲಕ್ಕಾಗಲಿ ಚೆಲ್ಲದೆ ಡಬ್ಬಿಯಲ್ಲಿ ಕೂಡಿಟ್ಟು, ಹಳೆಯ ಎಣ್ಣೆ ಕೊಳ್ಳುವವರಿಗೆ ಒಪ್ಪಿಸಬೇಕು.

ಹೊಸ ಕವಾಟ ಹಾಕಿ ನಳಿಕೆಗಳೆಲ್ಲ ಸರಿಯಿದ್ದೂ ಎಣ್ಣೆ ತುಂಬುವ ಬಾಯಿಯಿಂದ ಹೊಗೆ ಜೋರಾಗಿ ಉಗುಳುತ್ತಿದ್ದರೆ ಉಂಗುರಗಳು ಸವೆದಿರುವ ಸಂಭವವುಂಟು. ಆಗಲೂ ಕಂಪ್ರೆಷನ್ ಪರೀಕ್ಷೆ ಮಾಡಿಸದೆ ಎಂಜಿನ್ ಬಿಚ್ಚಲು ಒಪ್ಪಬಾರದು.

ಟ್ರ್ಯಾಕ್ಟರಿನ ಬ್ರೀದರ್

ಹಳೆಯ ಮಾದರಿಯ ಟ್ರ್ಯಾಕ್ಟರ್ ಹಾಗೂ ಡೀಸೆಲ್ ಪಂಪ್‌ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಈ ಕವಾಟ ಇರುವುದಿಲ್ಲ. ಬದಲಾಗಿ ಬ್ರೀದರ್ ನಳಿಕೆ ಇರುತ್ತದೆ. ಕಂಪ್ಲಿ ಕಡೆಯ ಭತ್ತದ ಗದ್ದೆಯಲ್ಲಿ ರೊಳ್ಳಿ ಹೊಡೆದ ಮೇಲೆ ಇದರ ತುದಿಗೆ ಕೆಸರು ಮೆತ್ತಿಕೊಳ್ಳಬಹುದು. ಬಹುದಿನ ನಿಲ್ಲಿಸಿದ ಯಂತ್ರದ ನಳಿಕೆಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟುವುದೂ ಉಂಟು. ನಳಿಕೆಯನ್ನು ಬಿಡಿಸಿ ಚೊಕ್ಕಟ ಮಾಡಬೇಕು. ಒಳಗೆ ತಂತಿಯ ಜಾಲರಿ ಇದ್ದರೆ ಡೀಸೆಲ್‌ನಲ್ಲಿ ತೊಳೆದು, ಒಣಗಿಸಿ ಹಾಕಬೇಕು. ಧೂಳು ಬಾರದಿರಲೆಂದು ನಳಿಕೆಗೆ ಬಟ್ಟೆ ತುರುಕುವುದು ಸರಿಯಲ್ಲ. ಒತ್ತಡ ಏರಿ ಸೀಲುಗಳು ಕಿತ್ತುಹೋಗುತ್ತವೆ.

ಅನಿಲವನ್ನು ಮರಳಿ ಎಂಜಿನ್‌ಗೇ ಕಳಿಸುವ ಹೊಸ ಡೀಸೆಲ್ ಗಾಡಿಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಲ್ಲಿ ಎಣ್ಣೆ ಅತಿಯಾಗಿ ಒಳಹೋದರೆ ಎಂಜಿನ್ ಅದನ್ನೇ ಉರಿಸುತ್ತ ಹತೋಟಿ ಮೀರಿ ಓಡಬಹುದು. ಕೀಲಿ ತಿರುಗಿಸಿದರೂ ನಿಲ್ಲದು. ಇಂಥ ಗಾಡಿಯ ದುರಸ್ತಿಯನ್ನು ತಿಳಿದವರಿಗೇ ಬಿಡುವುದು ಕ್ಷೇಮ. ಎಣ್ಣೆಯ ಮಟ್ಟವನ್ನು ಕಡ್ಡಿಯ ಮೇಲಿನ ಗುರುತಿಗಿಂತ ಹೆಚ್ಚು ತುಂಬದಿರುವುದು ಮಾತ್ರ ಮಾಲೀಕರ ಕೈಯಲ್ಲಿಯೇ ಇದೆ.

ಎಣ್ಣೆ ಬದಲಾಯಿಸುವಾಗಲೆಲ್ಲ ಕವಾಟವನ್ನೂ ನಳಿಕೆಗಳನ್ನೂ ಒಮ್ಮೆ ನೋಡುವ ಪದ್ಧತಿ ಇಟ್ಟುಕೊಂಡರೆ ಸಾಕು. ಅರ್ಧ ಗಂಟೆಯ ಈ ಕೆಲಸಕ್ಕೆ ಬೇಕಾಗುವುದು ಒಂದು ಇಕ್ಕಳ ಮತ್ತು ಒಂದು ಚೊಕ್ಕ ಬಟ್ಟೆ. ಸುಗ್ಗಿಯ ಹೊತ್ತಿನಲ್ಲಿ ಗಾಡಿ ಗ್ಯಾರೇಜಿನಲ್ಲಿ ನಿಲ್ಲದಂತೆ ತಡೆಯಲು ಇದಕ್ಕಿಂತ ಸುಲಭದ ಉಪಾಯ ಕಡಿಮೆ.